ಟ್ರಯಲ್ಸ್ ಬೈಕ್ ಸ್ಪರ್ಧೆಗೆ ಹೊಸಬರು ಬರಬೇಕು, ಬಂದವರು ಉಳಿಯಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ವಾರವಿಡೀ ಆಫೀಸು, ಭಾನುವಾರ ಇಲ್ಲಿನ ಮೋಟರ್‌ಸೈಕಲ್ ಕ್ಲಬ್ಬಿನ ಟ್ರಯಲ್ಸ್. ಕೆಲವು ಸಲ ಸವಾರ, ಜಾಸ್ತಿ ಸಲ ಅಂಕ ಹಾಕುವವನು, ಈಚೆಗೆ ಸೆಕ್ಷನ್ ಹಾಕುವ ಗುಂಪಿನಲ್ಲೂ ಇದ್ದೇನೆ. ಫೋಟೋ ನೋಡಿದ ಊರಿನ ಗೆಳೆಯರು ಕೇಳುವ ಪ್ರಶ್ನೆಗಳಿವೆ. ಕ್ಲಬ್ಬಿನವರು ನಮ್ಮನಮ್ಮಲ್ಲೇ ಕೇಳಿಕೊಳ್ಳುವ ಪ್ರಶ್ನೆಗಳೂ ಇವೆ. ಎರಡನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಟ್ರಯಲ್ಸ್ ಅಂದರೆ ರೇಸಾ?

ಅಲ್ಲ. ಊರಲ್ಲಿ ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಸ್ಲೋ ಸೈಕಲ್ ರೇಸ್ ಇಡುತ್ತಿದ್ದರಲ್ಲ, ಅದನ್ನು ನೆನಪಿಸಿಕೊಳ್ಳಿ. ಕಾಲು ಊರಿದರೆ ಔಟ್. ಈಗ ಸೈಕಲ್ ತೆಗೆದು ಬೈಕ್ ಇಡಿ. ಶಾಲೆಯ ಮೈದಾನ ತೆಗೆದು ಬಂಡೆ, ಕೆಸರು, ಮರದ ಬೇರು, ಹರಿಯುವ ಹಳ್ಳ ಇಡಿ. ಅದೇ ಟ್ರಯಲ್ಸ್. ಒಂದೇ ವ್ಯತ್ಯಾಸ, ಇಲ್ಲಿ ಕಾಲು ಊರಿದ ತಕ್ಷಣ ಮನೆಗೆ ಕಳಿಸುವುದಿಲ್ಲ, ಒಂದು ಅಂಕ ದಂಡ ಹಾಕಿ ಮುಂದೆ ಹೋಗು ಅನ್ನುತ್ತಾರೆ.

ವೇಗಕ್ಕೆ ಬೆಲೆ ಇಲ್ಲ. ಇದಕ್ಕೊಂದು ಹೆಸರಾಂತ ಅಪವಾದ ನಮ್ಮ ಯಾರ್ಕ್‌ಶೈರ್‌ನಲ್ಲೇ ಇದೆ. 1914ರಲ್ಲಿ ಶುರುವಾದ ಸ್ಕಾಟ್ ಟ್ರಯಲ್‌ನಲ್ಲಿ ಕಾಲೂರಿದ್ದಕ್ಕೂ ದಂಡ, ತಡವಾಗಿದ್ದಕ್ಕೂ ದಂಡ. ಅದು ಗಟ್ಟಿಗರ ಆಟ, ಈ ಪುಟದ ವಿಷಯ ಅದಲ್ಲ.

ಅಂಕ ಹೇಗೆ ಹಾಕುತ್ತಾರೆ?

ಕಾಡಲ್ಲೋ ಗುಡ್ಡದಲ್ಲೋ ಚಿಕ್ಕ ಚಿಕ್ಕ ತುಂಡು ದಾರಿಗಳಿಗೆ ಗುರುತು ಹಾಕಿರುತ್ತಾರೆ. ಒಂದೊಂದು ತುಂಡಿಗೆ ಸೆಕ್ಷನ್ ಅಂತ ಹೆಸರು. ಕಾಲೂರದೆ ದಾಟಿದರೆ ಸೊನ್ನೆ, ಇದಕ್ಕೆ 'ಕ್ಲೀನ್' ಅನ್ನುತ್ತಾರೆ. ಒಂದು ಸಲ ಊರಿದರೆ 1, ಎರಡು ಸಲಕ್ಕೆ 2. ಮೂರು ಸಲ ಊರಿದರೂ 3, ಹತ್ತು ಸಲ ಊರಿದರೂ 3. ಬಿದ್ದರೆ, ಗುರುತಿನ ಹೊರಗೆ ಹೋದರೆ, ಕಾಲೂರಿದಾಗ ಎಂಜಿನ್ ಬಂದ್ ಆದರೆ 5. ದಿನದ ಕೊನೆಗೆ ಯಾರ ಲೆಕ್ಕ ಕಮ್ಮಿಯೋ ಅವರು ಗೆದ್ದರು. ಇಬ್ಬರ ಲೆಕ್ಕ ಸಮ ಆದರೆ ಜಾಸ್ತಿ ಕ್ಲೀನ್ ಮಾಡಿದವರು ಮುಂದೆ.

ಒಂದು ಸಾಧಾರಣ ಕ್ಲಬ್ ಟ್ರಯಲ್‌ನಲ್ಲಿ 10 ಸೆಕ್ಷನ್, 4 ಸುತ್ತು. ಅಂದರೆ 40 ಪ್ರಯತ್ನ. ಎಲ್ಲದರಲ್ಲೂ ಸೋತರೆ 200. ಈ 200 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇದಕ್ಕೆ ಬೇರೆ ಬೈಕೇ ಬೇಕಾ?

ಬೇಕು ಅನ್ನುವುದಕ್ಕಿಂತ, ಇದ್ದರೆ ಬಹಳ ಸುಲಭ. ಈಗಿನ ಟ್ರಯಲ್ಸ್ ಬೈಕಿಗೆ ಸೀಟೇ ಇಲ್ಲ, ದಿನವಿಡೀ ನಿಂತೇ ಓಡಿಸುವುದು. ತೂಕ 70 ಕೆಜಿ ಆಸುಪಾಸು. ನಮ್ಮ ಸ್ಪ್ಲೆಂಡರೇ 110 ಕೆಜಿ ದಾಟುತ್ತದೆ, ಲೆಕ್ಕ ಹಾಕಿ. ಪೆಟ್ರೋಲ್ ಟ್ಯಾಂಕ್ ಎರಡು ಮೂರು ಲೀಟರಿನದು. ಹಿಂದಿನ ಟೈರಿಗೆ ಗಾಳಿ ನಾಲ್ಕೈದು ಪಿಎಸ್‌ಐ ಅಷ್ಟೇ. ಹೆಬ್ಬೆರಳಲ್ಲಿ ಒತ್ತಿದರೆ ಟೈರು ಒಳಗೆ ಹೋಗುತ್ತದೆ. ಬಂಡೆಯನ್ನು ಅಪ್ಪಿಕೊಳ್ಳುವುದು ಹಾಗೇ.

ಹೊಸ ಬೈಕಿಗೆ ಆರೇಳು ಸಾವಿರ ಪೌಂಡ್ ಆಗುತ್ತದೆ. ಹೊಸಬರು ಹೊಸದು ಕೊಳ್ಳಲೇಬಾರದು ಅನ್ನುವುದು ನನ್ನ ಮಾತು. ಮೂರನೇ ಕೈ ಬದಲಾದ ಬೈಕೇ ಸಾಕು. ಹೇಗಿದ್ದರೂ ಮೊದಲ ತಿಂಗಳು ಬಂಡೆಗೆ ಉಜ್ಜುವುದೇ ಕೆಲಸ.

ಅಪಾಯ ಅಲ್ವಾ?

ಬೈಕ್ ಸ್ಪರ್ಧೆಗಳ ಪೈಕಿ ಇದರಷ್ಟು ನಿಧಾನದ್ದು ಇನ್ನೊಂದಿಲ್ಲ. ಕ್ಲಬ್ ಸೆಕ್ಷನ್‌ಗಳಲ್ಲಿ ನಡಿಗೆಯ ವೇಗ. ನನಗೆ ಆದ ಗಾಯಗಳು: ಮೊಣಕಾಲು ಚರ್ಮ ಎರಡು ಸಲ, ಕಿರುಬೆರಳು ಒಂದು ಸಲ, ಮರ್ಯಾದೆ ಲೆಕ್ಕವಿಲ್ಲದಷ್ಟು ಸಲ. ಹಾಗಂತ ಹೆಲ್ಮೆಟ್, ಗಟ್ಟಿ ಬೂಟು ಬಿಡುವಂತಿಲ್ಲ. ಬಿದ್ದಾಗ ಎಂಜಿನ್ ತಾನಾಗಿ ಬಂದ್ ಆಗಲು ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳುತ್ತೇವೆ, ಅದನ್ನೂ ಬಿಡುವಂತಿಲ್ಲ.

ನಿಧಾನ, ಖರ್ಚು ಕಮ್ಮಿ, ಅಪಾಯ ಕಮ್ಮಿ. ಮತ್ತೆ ಜನ ಯಾಕೆ ಬರುತ್ತಿಲ್ಲ?

ಬರುತ್ತಾರೆ ಸ್ವಾಮಿ. ಒಂದು ಸಲ ಬರುತ್ತಾರೆ. ಎರಡನೇ ಸಲ ಬರುವುದಿಲ್ಲ. ತೊಂದರೆ ಇರುವುದು ಅಲ್ಲಿ.

ನನ್ನದೇ ಕತೆ ಹೇಳುತ್ತೇನೆ. ಮೊದಲ ಟ್ರಯಲ್‌ಗೆ ಆಫೀಸಿನ ಗೆಳೆಯನ ಬೈಕು ಎರವಲು ತಂದಿದ್ದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹತ್ತು ವರ್ಷ ಬೈಕ್ ಓಡಿಸಿದ ಧೈರ್ಯ ಬೇರೆ. ಆ ಕ್ಲಬ್ಬಿನಲ್ಲಿ ಎಲ್ಲರಿಗೂ ಒಂದೇ ದಾರಿ. ಮೊದಲ ಸೆಕ್ಷನ್ನಿನ ಮೊದಲ ತಿರುವಿನಲ್ಲೇ ಸೊಂಟದೆತ್ತರದ ಬಂಡೆ. ನನ್ನ ಹಿಂದೆ ನಿಂತಿದ್ದ ಎಪ್ಪತ್ತು ದಾಟಿದ ಅಜ್ಜ ಅದನ್ನು ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಹೋದರು. ನಾನು ಬಂಡೆಯ ಬುಡದಲ್ಲೇ ಮಲಗಿದೆ. ಐದು. ಮುಂದಿನ ಸೆಕ್ಷನ್, ಐದು. ಅದರ ಮುಂದಿನದೂ ಐದು. ಸಂಜೆಯ ಲೆಕ್ಕ 200ಕ್ಕೆ 171. ಯಾರೂ ಬೈಯಲಿಲ್ಲ, ನಗಲಿಲ್ಲ. ಮಾತೂ ಆಡಿಸಲಿಲ್ಲ. ಎಂಟು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಬೇರೊಂದು ಕ್ಲಬ್ಬಿಗೆ ಹೋದೆ. ಅಲ್ಲಿ ಅದೇ ಗುಡ್ಡದಂಥ ಗುಡ್ಡ, ಅದೇ ಕೆಸರು, ಆದರೆ ಹೊಸಬರಿಗೆ ದಾರಿ ತೋರಿಸಲು ಬೇರೆ ಬಣ್ಣದ ಬಾಣಗಳು. ಸಂಜೆಗೆ 38 ಅಂಕ. ಕಾರಿನಲ್ಲಿ ಹಾಡು ಹೇಳಿಕೊಂಡು ಮನೆಗೆ ಬಂದೆ. ಎಂಟು ತಿಂಗಳಲ್ಲಿ ನಾನೇನೂ ಕಲಿತಿರಲಿಲ್ಲ, ಬೈಕ್ ಮುಟ್ಟಿಯೂ ಇರಲಿಲ್ಲ. ಬದಲಾಗಿದ್ದು ಬಾಣ ಅಷ್ಟೇ.

ಜಾಹೀರಾತು, ಬಹುಮಾನ, ವಿಡಿಯೋ ಎಲ್ಲ ಆಮೇಲಿನ ಮಾತು. ಹೊಸ ಸವಾರ ಉಳಿಯುವುದು ಬಿಡುವುದು ಬೆಳಗ್ಗೆ ಏಳು ಗಂಟೆಗೆ ಕೈಯಲ್ಲಿ ಬಾಣದ ಕಟ್ಟು, ಸುತ್ತಿಗೆ ಹಿಡಿದು ಹಳ್ಳಕ್ಕೆ ಇಳಿಯುವವನ ಕೈಲಿದೆ.

ಹಾಗಾದರೆ ಒಳ್ಳೆಯ ಸೆಕ್ಷನ್ ಹಾಕುವುದು ಹೇಗೆ?

ಹೋದ ತಿಂಗಳು ನಾವು ಹಾಕಿದ ಒಂದನ್ನೇ ತಗೊಳ್ಳಿ. ಒಂದು ಪುಟ್ಟ ಹಳ್ಳ, ಮೊಳಕಾಲುದ್ದ ನೀರು. ನಡುವೆ ಮರಳುಗಲ್ಲಿನ ಒಂದು ಮೆಟ್ಟಿಲು. ಅದರ ಬಲಭಾಗ ತೊಡೆಯೆತ್ತರ, ಎಡಕ್ಕೆ ಬರುತ್ತಾ ಇಳಿದು ಒಂದು ಗೇಣಾಗುತ್ತದೆ. ಆಚೆ ದಡ ಒಂದು ಕಡೆ ಕಡಿದು, ಇನ್ನೊಂದು ಕಡೆ ದನ ಇಳಿದು ಸವೆದ ಓರೆ.

ನುರಿತವರ ದಾರಿ: ನೀರಿನಿಂದ ನೇರ ಬಲಗಡೆಯ ಎತ್ತರದ ಕಲ್ಲಿಗೆ, ಅಲ್ಲಿಂದ ಕಡಿದಾದ ದಡ. ನಡುವಿನವರಿಗೆ: ಎಡಗಡೆಯ ಗೇಣೆತ್ತರದ ಕಲ್ಲು ಹತ್ತಿ, ಒದ್ದೆ ಹುಲ್ಲಿನ ಮೇಲೆ ಬಿಗಿ ತಿರುವು. ಹೊಸಬರಿಗೆ: ಕಲ್ಲಿನ ತಂಟೆಯೇ ಇಲ್ಲ. ಹಳ್ಳದ ಉರುಟುಗಲ್ಲಿನ ಮೇಲೆ ಹತ್ತು ಹೆಜ್ಜೆ ನೀರಲ್ಲಿ ಹೋಗಿ, ದನ ಇಳಿಯುವ ಓರೆಯಲ್ಲಿ ಮೇಲೆ ಬರುವುದು. ಮೂರೂ ದಾರಿಗೆ ಒಂದೇ ಬಾಗಿಲು, ಒಬ್ಬರೇ ಅಂಕ ಹಾಕುವವರು. ಬೇಕಾಗಿದ್ದು ಹೆಚ್ಚುವರಿ ಎಂಟು ಬಾಣ ಮಾತ್ರ.

ಹೊಸಬರ ದಾರಿ ಸಪ್ಪೆ ಅನಿಸಬಹುದು. ಆದರೆ ಆ ಉರುಟುಗಲ್ಲಿನ ಮೇಲೆ ಮುಂದಿನ ಚಕ್ರ ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ಜಾರುತ್ತದೆ. ಹತ್ತಿರಹತ್ತಿರ ಎಲ್ಲರೂ ಮೇಲೆ ಬಂದರು, ಕೆಲವರಷ್ಟೇ ಕ್ಲೀನ್ ಮಾಡಿದರು. ಹೀಗಿರಬೇಕು. ಒಳ್ಳೆಯ ಸೆಕ್ಷನ್ 1, 2, 3 ಕೊಡುತ್ತದೆ, ಕೆಟ್ಟ ಸೆಕ್ಷನ್ ಸೊನ್ನೆ ಇಲ್ಲವೇ 5 ಕೊಡುತ್ತದೆ. ಒಂದು ಅಂಕ ಹೋದವನು "ಮುಂದಿನ ಸುತ್ತಿನಲ್ಲಿ ನೋಡ್ಕೋತೀನಿ" ಅನ್ನುತ್ತಾನೆ. ಐದು ಹೋದವನು ಕಾರಿನ ಕಡೆ ನೋಡುತ್ತಾನೆ.

ಇನ್ನೆರಡು ಮಾತು. ಮೊದಲ ಎರಡು ಸೆಕ್ಷನ್ ಸುಲಭ ಇರಲಿ, ಕೈಕಾಲು ಬಿಸಿಯಾಗಲಿ. ಮತ್ತೆ, ಹೊಸಬರ ದಾರಿಯನ್ನು ಕ್ಲಬ್ಬಿನ ಚಾಂಪಿಯನ್ ಕೈಲಿ ಹಾಕಿಸಬೇಡಿ. ಅವನಿಗೆ ಕಷ್ಟ ಯಾವುದು ಅನ್ನುವುದೇ ಮರೆತುಹೋಗಿರುತ್ತದೆ. ಹೋದ ವರ್ಷ ಸೇರಿದವರ ಕೈಲಿ ಹಾಕಿಸಿ.

ಎಲ್ಲ ಸುಲಭ ಮಾಡಿದರೆ ಆಟದ ಗತ್ತು ಹೋಗಲ್ವಾ?

ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ ಪ್ರತಿ ಮೇ ತಿಂಗಳು ನಡೆಯುವ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ನನ್ನ ಮಾತಿಗೆ ಪೂರಾ ಉಲ್ಟಾ. ಅದರ ಬೇರು 1909ರದು. ಆರು ದಿನ, ದಿನಕ್ಕೆ ಸುಮಾರು 30 ಸೆಕ್ಷನ್, ನಡುವೆ ಬೆಟ್ಟ, ಜೌಗು, ಡಾಂಬರು ರಸ್ತೆ. ಎಲ್ಲರಿಗೂ ಒಂದೇ ದಾರಿ. ಹೆಸರಾಂತ ಸವಾರ ಹತ್ತಿದ ಬಂಡೆಯನ್ನೇ ನಮ್ಮೂರಿನ ಪ್ಲಂಬರೂ ಹತ್ತಬೇಕು. ಆದರೂ ಜಾಗಕ್ಕಿಂತ ಅರ್ಜಿ ಜಾಸ್ತಿ ಬಂದು ಚೀಟಿ ಎತ್ತುತ್ತಾರೆ. ಕಿನ್‌ಲಾಖ್‌ಲೆವೆನ್ ಊರಿನ ಮೇಲೆ ನೀರಿನ ಕೊಳವೆಯ ಪಕ್ಕದಲ್ಲಿ ಕಲ್ಲುಬೆಟ್ಟ ಏರುವ 'ಪೈಪ್‌ಲೈನ್' ಸೆಕ್ಷನ್ನಿನಲ್ಲಿ ಬೀಳುವುದಕ್ಕೇ ಜನ ವರ್ಷಗಟ್ಟಲೆ ಕಾಯುತ್ತಾರೆ.

ಹೌದು, ಕಷ್ಟಕ್ಕೂ ಒಂದು ಸೆಳೆತ ಇದೆ. ಆದರೆ ಅಲ್ಲಿಗೆ ಹೋಗುವವರು ಹತ್ತು ವರ್ಷ ಭಾನುವಾರದ ಟ್ರಯಲ್ಸ್‌ನಲ್ಲಿ ಪಳಗಿದವರು. ತಿರುಪತಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತುವ ಹರಕೆ ಬೇರೆ, ದಿನಾ ದೇವಸ್ಥಾನಕ್ಕೆ ಹೋಗಿ ಬರುವುದು ಬೇರೆ. ದಿನದ ದೇವಸ್ಥಾನಕ್ಕೂ ಬೆಟ್ಟ ಹತ್ತಿಸಿದರೆ ಜನ ಮನೆಯಲ್ಲೇ ಕೈಮುಗಿಯುತ್ತಾರೆ.

'ನಾನ್‌ಸ್ಟಾಪ್' ಅಂತ ಏನೋ ಜಗಳ ಇದೆಯಂತಲ್ಲ?

ಇದೆ, ಚಹಾ ಆರಿ ತಣ್ಣಗಾಗುವಷ್ಟು ಹೊತ್ತು ನಡೆಯುತ್ತದೆ. ಒಂದು ನಿಯಮದಲ್ಲಿ ಸೆಕ್ಷನ್ ಒಳಗೆ ಬೈಕ್ ನಿಂತರೆ 5. ಇನ್ನೊಂದರಲ್ಲಿ ನಿಲ್ಲಬಹುದು, ಚಕ್ರ ಎತ್ತಿ ಪಕ್ಕಕ್ಕೆ ಕುಪ್ಪಳಿಸಬಹುದು, ಮತ್ತೆ ಹೋಗಬಹುದು. ವಿಶ್ವ ಚಾಂಪಿಯನ್‌ಶಿಪ್ ಕೂಡ ಈ ವಿಷಯದಲ್ಲಿ ಅತ್ತಿತ್ತ ಆಡಿದೆ, 2013ರಲ್ಲಿ ಅಲ್ಲಿ ನಾನ್‌ಸ್ಟಾಪ್ ತಂದರು.

ಕುಪ್ಪಳಿಸುವುದು ನೋಡಲು ಚೆಂದ. ಸ್ಪೇನಿನ ಟೋನಿ ಬೌ 2007ರಿಂದ 2024ರ ತನಕ ಒಂದು ವರ್ಷವೂ ಬಿಡದೆ ಬಯಲಿನ ವಿಶ್ವ ಪಟ್ಟ ಗೆದ್ದವರು, ಅವರು ಹಿಂದಿನ ಚಕ್ರದ ಮೇಲೆ ನಿಂತು ಯೋಚಿಸುವುದನ್ನು ನೋಡಿದರೆ ಉಸಿರು ನಿಲ್ಲುತ್ತದೆ. ತೊಂದರೆ ಏನೆಂದರೆ, ಸವಾರರು ಕುಪ್ಪಳಿಸುತ್ತಾರೆ ಅಂತ ಸೆಕ್ಷನ್ ಹಾಕುವವರು ತಿರುವನ್ನು ಬಿಗಿ ಮಾಡುತ್ತಾ, ಬಂಡೆಯನ್ನು ಎತ್ತರ ಮಾಡುತ್ತಾ ಹೋಗುತ್ತಾರೆ. ಕೊನೆಗೆ ಕುಪ್ಪಳಿಸಲು ಬಾರದವರಿಗೆ ಜಾಗವೇ ಇರುವುದಿಲ್ಲ.

ಅದಕ್ಕೇ ಕ್ಲಬ್ ಮಟ್ಟದಲ್ಲಿ ನಾನು ನಾನ್‌ಸ್ಟಾಪ್ ಕಡೆ. ಬೈಕ್ ಹರಿದು ಹೋಗುವಂಥ ದಾರಿ ತಾನಾಗಿ ಸಾಧಾರಣ ಸವಾರನಿಗೆ ಹೊಂದುತ್ತದೆ. ಅದರಲ್ಲೂ ಒಂದು ಹುಳುಕಿದೆ: ಬೈಕ್ ನಿಂತಿತೋ ಇಲ್ಲವೋ ಅಂತ ಹೇಳುವುದು ಕಷ್ಟ. ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತವನಿಗೆ 5 ಕೊಟ್ಟರೆ ವರ್ಷವಿಡೀ ನೆನಪಿಟ್ಟುಕೊಳ್ಳುತ್ತಾನೆ. ನಮ್ಮಲ್ಲಿ ಹೊಸಬರ ದಾರಿಯಲ್ಲಿ ಅನುಮಾನ ಬಂದರೆ ಸವಾರನ ಪರ. ಅದರಿಂದ ಯಾರ ಗಂಟೂ ಹೋಗಿಲ್ಲ.

ಅಂಕ ಹಾಕುವವರು ಸಿಗುತ್ತಿಲ್ಲ. ಏನು ಮಾಡುವುದು?

ಇಲ್ಲಿ ಅವರಿಗೆ ಅಬ್ಸರ್ವರ್ ಅನ್ನುತ್ತಾರೆ. ಅವರಿಲ್ಲದೆ ಟ್ರಯಲ್ ಇಲ್ಲ. ಹತ್ತು ಸೆಕ್ಷನ್‌ಗೆ ಹತ್ತು ಜನ ಬೇಕು, ಸಂಬಳ ಇಲ್ಲ, ಮಳೆ ಮಾತ್ರ ಖಾತ್ರಿ. ಮುಷ್ಟಿ ಎತ್ತಿದರೆ ಕ್ಲೀನ್, ಒಂದು ಬೆರಳು ಎತ್ತಿದರೆ ಒಂದು, ಅಂಗೈ ಬಿಚ್ಚಿ ತೋರಿಸಿದರೆ ಐದು. ಆಮೇಲೆ ಸವಾರನ ಕಾರ್ಡಿಗೆ ತೂತು ಹೊಡೆಯುವುದು. ಒದ್ದೆ ಕೈಗವಸಿನಲ್ಲಿ ಆ ಪಂಚ್ ಒತ್ತಿ ಒತ್ತಿ ಸಂಜೆಗೆ ಹೆಬ್ಬೆರಳು ಮರಗಟ್ಟುತ್ತದೆ. ನಾನು ಡಬ್ಬಿಯಲ್ಲಿ ಚುರುಮುರಿ ತಗೊಂಡು ಹೋಗುತ್ತೇನೆ. ಈರುಳ್ಳಿ ಕೊನೆಯ ನಿಮಿಷಕ್ಕೆ ಬೆರೆಸಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ನನ್ನ ಸೆಕ್ಷನ್ನಿನಲ್ಲಿ ಸವಾರರು ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತಾರೆ ಅನ್ನುವ ದೂರು ಇದೆ.

ಕೆಲಸ ಮಾಡಿದ ಉಪಾಯಗಳು ಇವು: ಸೀಸನ್ನಿಗೆ ಒಂದು ದಿನ ಪ್ರತಿ ಸವಾರನೂ ಅಬ್ಸರ್ವರ್ ಆಗಬೇಕು, ಆ ದಿನ ಮಾಡಿದವರಿಗೆ ಮುಂದಿನ ಎಂಟ್ರಿ ಬಿಟ್ಟಿ. ಹೊಸ ಅಬ್ಸರ್ವರ್‌ನನ್ನು ಒಬ್ಬಂಟಿಯಾಗಿ ಕೂರಿಸದೆ ಹಳಬರ ಜೊತೆ ಹಾಕುವುದು. ಯಾರೂ ಸಿಗದ ದಿನ ನಾಲ್ಕೈದು ಸವಾರರ ಗುಂಪು ಮಾಡಿ, ಒಬ್ಬರಿಗೊಬ್ಬರು ಅಂಕ ಹಾಕಿಕೊಳ್ಳಲು ಬಿಡುವುದು. ಮೋಸ ಆಗಲ್ವಾ ಅಂತ ಕೇಳುತ್ತಾರೆ. ಕ್ಲಬ್ ಟ್ರಯಲ್‌ನಲ್ಲಿ ಗೆದ್ದರೆ ಸಿಗುವುದು ಒಂದು ಪುಟ್ಟ ಕಪ್ಪು. ಅದಕ್ಕಾಗಿ ಗೆಳೆಯರ ಎದುರು ಸುಳ್ಳು ಹೇಳುವವನು ಇದ್ದರೆ ಕಪ್ಪು ಅವನಿಗೇ ಇರಲಿ.

ಸರದಿಯಲ್ಲಿ ಕಾಯುವುದೇ ಬೇಸರ. ಏನಾದರೂ ದಾರಿ?

ಎಲ್ಲರನ್ನೂ ಒಂದನೇ ಸೆಕ್ಷನ್ನಿನಿಂದ ಬಿಡಬೇಡಿ, ಹತ್ತು ಕಡೆಯಿಂದ ಶುರು ಮಾಡಿಸಿ. ಸರದಿ ಅರ್ಧಕ್ಕಿಳಿಯುತ್ತದೆ.

ಹಳೇ ಬೈಕ್ ಇರುವವರಿಗೆ ಜಾಗ ಇದೆಯಾ?

ಇದೆ, ಚೆನ್ನಾಗಿಯೇ ಇದೆ. ಹಿಂದೆ ಎರಡು ಶಾಕ್ ಇರುವ ಹಳೇ ಬೈಕ್‌ಗಳಿಗೆ 'ಟ್ವಿನ್‌ಶಾಕ್' ಅಂತ ಬೇರೆ ವರ್ಗ, ಅದಕ್ಕಿಂತ ಹಳೆಯವಕ್ಕೆ, ಅಂದರೆ 1965ಕ್ಕೆ ಮುಂಚಿನವಕ್ಕೆ, 'ಪ್ರಿ-65' ಅಂತ ಇನ್ನೊಂದು. ಆ ಕಾಲದ ಹೆಸರಾಂತ ಸವಾರ ಸ್ಯಾಮಿ ಮಿಲ್ಲರ್ 1965ರಲ್ಲಿ ಸ್ಪೇನಿನ ಹಗುರ ಬುಲ್ಟಾಕೊ ಬೈಕಿನಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಗೆದ್ದ ಮೇಲೆ ಬ್ರಿಟಿಷರ ಭಾರದ ನಾಲ್ಕು ಸ್ಟ್ರೋಕ್ ಬೈಕುಗಳ ಕಾಲ ಮುಗಿಯಿತು. ಆ ಭಾರದ ಬೈಕುಗಳೇ ಈಗ ಅಜ್ಜಂದಿರನ್ನು ವಾಪಸ್ ಕರೆತರುತ್ತಿವೆ. ಅಜ್ಜ ಬಂದರೆ ಹಿಂದೆಯೇ ಮೊಮ್ಮಗನೂ ಬರುತ್ತಾನೆ.

ಮಕ್ಕಳಿಗೆ?

ಮಕ್ಕಳಿಗೆ ಎಲೆಕ್ಟ್ರಿಕ್ ಬೈಕ್‌ನಿಂದ ಆದ ಉಪಕಾರ ದೊಡ್ಡದು. ಒಸೆಟ್ ಕಂಪನಿ ಮೂರರಿಂದ ಐದು ವರ್ಷದ ಮಕ್ಕಳಿಗೇ 12.5 ಇಂಚು ಚಕ್ರದ ಪುಟ್ಟ ಬೈಕ್ ಮಾಡಿತು. ಒಬ್ಬ ಅಪ್ಪ ಮಗನಿಗೆ ಅಂತ ಮಾಡಲು ಹೋಗಿ ಹುಟ್ಟಿದ ಕಂಪನಿ ಅದು, 2022ರಲ್ಲಿ ಟ್ರಯಂಫ್ ಕೊಂಡುಕೊಂಡಿತು. ಕ್ಲಚ್ ಇಲ್ಲ, ಗೇರ್ ಇಲ್ಲ, ಬಿಸಿ ಸೈಲೆನ್ಸರ್ ಇಲ್ಲ. ಸದ್ದೂ ಇಲ್ಲ, ಹಾಗಾಗಿ ಪಕ್ಕದ ಜಮೀನಿನವರ ತಕರಾರೂ ಇಲ್ಲ. ದೊಡ್ಡವರ ಎಲೆಕ್ಟ್ರಿಕ್ ಬೈಕ್‌ಗಳಿಗೂ 2017ರಲ್ಲಿ ಅಂತರರಾಷ್ಟ್ರೀಯ ಕಪ್ ಶುರುವಾಯಿತು. ಜಾಗ ಕೊಡುವ ರೈತರನ್ನು ಒಲಿಸಿಕೊಳ್ಳಲು ಈ ಸದ್ದಿಲ್ಲದ ಬೈಕ್‌ಗಳೇ ಮುಂದೆ ನಮ್ಮ ಕೈ ಹಿಡಿಯುತ್ತವೆ ಅನ್ನುವುದು ನನ್ನ ಅಂದಾಜು.

ಹೆಂಗಸರು ಬರುತ್ತಾರಾ?

ಬರುತ್ತಾರೆ, ಆದರೆ ಕಮ್ಮಿ. ಸ್ಪೇನಿನ ಲಾಯಾ ಸಾಂಜ್ ಹತ್ತಕ್ಕೂ ಹೆಚ್ಚು ಸಲ ಮಹಿಳೆಯರ ವಿಶ್ವ ಚಾಂಪಿಯನ್ ಆಗಿ, ಆಮೇಲೆ ಮರುಭೂಮಿ ದಾಟುವ ಡಕಾರ್ ರ್‍ಯಾಲಿಗೂ ಹೋದರು. ಬ್ರಿಟನ್ನಿನ ಎಮ್ಮಾ ಬ್ರಿಸ್ಟೋ ಕೂಡ ಹಲವು ಸಲ ಗೆದ್ದಿದ್ದಾರೆ. ತೋಳ್ಬಲದ ಆಟ ಅಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಕ್ಲಬ್‌ಗಳು ಮೊದಲು ಮಾಡಬೇಕಾದ ಕೆಲಸ ಬಹಳ ಸಣ್ಣದು: ಒಂದು ಶೌಚಾಲಯ ಬಾಡಿಗೆಗೆ ತಂದು ಇಡಿ. "ಕಾಡಿದೆಯಲ್ಲ" ಅಂದರು ಒಬ್ಬ ಹಿರಿಯರು. ನನ್ನ ಹೆಂಡತಿ ಅವರನ್ನು ನೋಡಿದ ನೋಟಕ್ಕೆ ಮುಂದಿನ ತಿಂಗಳೇ ಶೌಚಾಲಯ ಬಂತು.

ನಮ್ಮ ಬುಲೆಟ್‌ಗೂ ಟ್ರಯಲ್ಸ್‌ಗೂ ನಂಟಿದೆಯಂತೆ, ಹೌದಾ?

ಹೌದು. ಕೂತರೆ ಸಿಂಹಾಸನ ಅನ್ನುವ ಬುಲೆಟ್ ಹೆಸರು ಮಾಡಿದ್ದು ಕೆಸರಿನಲ್ಲಿ. ಬ್ರಿಟನ್ನಿನ ರಾಯಲ್ ಎನ್‌ಫೀಲ್ಡ್ 1948ರಲ್ಲಿ ಹಿಂದೆಯೂ ಸಸ್ಪೆನ್ಷನ್ ಇರುವ 350 ಸಿಸಿ ಬುಲೆಟ್ ಮಾದರಿಗಳನ್ನು ಸ್ಪರ್ಧೆಗೆ ಇಳಿಸಿತು. ಅಷ್ಟು ಮೆತ್ತಗಿದ್ದರೆ ಹಿಡಿತ ಎಲ್ಲಿಂದ ಬರುತ್ತೆ ಅಂತ ಆಗ ಬಹಳ ಜನಕ್ಕೆ ಅನುಮಾನ. ಅದೇ ವರ್ಷ ಇಟಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆಯಲ್ಲಿ ಅವು ಚಿನ್ನದ ಪದಕ ತಂದವು. ಜಾನಿ ಬ್ರಿಟನ್ ಅನ್ನುವ ಸವಾರ 1952ರಲ್ಲಿ ಬುಲೆಟ್ ಮೇಲೆ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು, 1957ರಲ್ಲಿ ಮತ್ತೊಮ್ಮೆ ರಾಯಲ್ ಎನ್‌ಫೀಲ್ಡ್‌ನಲ್ಲೇ ಗೆದ್ದರು. 2019ರಲ್ಲಿ ಭಾರತದಲ್ಲಿ ಕೆಂಪು, ಹಸಿರು ಚಾಸಿಯ 'ಬುಲೆಟ್ ಟ್ರಯಲ್ಸ್' ಬಂತಲ್ಲ, ಅದು ಅವರ ನೆನಪಿಗೆ. ಹೆಸರು ನೋಡಿ ಅದನ್ನು ಬಂಡೆಗೆ ಹತ್ತಿಸಲು ಹೋಗಬೇಡಿ, ಸೊಂಟ ನಿಮ್ಮದೇ.

ಕರ್ನಾಟಕದಲ್ಲಿ ಇಂಥದ್ದು ಮಾಡಬಹುದಾ?

ಕಲ್ಲಿಗೆ ಬರವಿಲ್ಲದ ಸೀಮೆ ನಮ್ಮದು. ಆದರೆ ಕಲ್ಲು ಕಂಡಲ್ಲೆಲ್ಲ ಬೈಕ್ ಹತ್ತಿಸುವಂತಿಲ್ಲ. ರಾಮನಗರದ ರಾಮದೇವರಬೆಟ್ಟ ರಣಹದ್ದುಗಳ ಧಾಮ, ಅರಣ್ಯ ಜಾಗಕ್ಕೆ ಕಾಲಿಡಲೇಬಾರದು. ಜಮೀನಿನ ಯಜಮಾನರನ್ನು ಕೇಳಿ, ಅವರ ಬೀಳು ಜಾಗದಲ್ಲಿ ಮಾಡುವುದೇ ಸರಿ. ಡಕಾರ್ ಪೂರೈಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೋಲಾರದ ಹತ್ತಿರ ಕಟ್ಟಿದ ಬಿಗ್‌ರಾಕ್ ಡರ್ಟ್ ಪಾರ್ಕ್‌ನಂಥ ಕಡೆ ಆಫ್‌ರೋಡ್ ಪಾಠವೂ ಸಿಗುತ್ತದೆ.

ವಿದೇಶಿ ಬೈಕ್ ಆಮದು ಮಾಡುವ ಕನಸು ಬೇಡ, ಸುಂಕ ಕಟ್ಟುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಎಕ್ಸ್‌ಪಲ್ಸ್ ಇದೆ, ಹಳೇ ಇಂಪಲ್ಸ್ ಇದೆ, ಅಪ್ಪನ ಕಾಲದ ಆರ್‌ಎಕ್ಸ್ 100 ಇದೆ. ಬೈಕ್‌ಗೆ ತಕ್ಕ ಸೆಕ್ಷನ್ ಹಾಕಿದರಾಯಿತು: ನಾಲ್ಕು ತೆಂಗಿನ ಬೊಡ್ಡೆ, ಒಂದು ಒಣಹಳ್ಳ, ಒಂದು ಬಿಗಿ ತಿರುವು, ಸುಣ್ಣದ ಗೆರೆ. ಟೈರಿನ ಗಾಳಿ ಇಳಿಸಿ, ಹತ್ತು ಜನ ಸೇರಿ, ಒಬ್ಬರು ಬೆರಳೆತ್ತಿ ಅಂಕ ತೋರಿಸಿ. ಹೊರಗಿನವರನ್ನು ಕರೆದು, ಫೀಸು ಪಡೆದು ಸ್ಪರ್ಧೆ ಅಂತ ನಡೆಸುವುದಾದರೆ ದೇಶದ ಮೋಟರ್‌ಸ್ಪೋರ್ಟ್ಸ್ ಸಂಸ್ಥೆ ಎಫ್‌ಎಂಎಸ್‌ಸಿಐ ಹತ್ತಿರ ಮೊದಲು ಮಾತಾಡಿ, ವಿಮೆಯ ವಿಷಯವನ್ನೂ ಅಲ್ಲೇ ಕೇಳಿ.

ನಾನು ಬ್ರಿಟನ್ನಿನಲ್ಲೇ ಇದ್ದೇನೆ. ಸುಮ್ನೆ ನೋಡಲು ಬರಬಹುದಾ?

ಬನ್ನಿ, ನೋಡಲು ದುಡ್ಡು ಕೇಳುವ ಕ್ಲಬ್ ನಾನು ಕಂಡಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಳ್ಳಿ, ಇನ್ನೊಂದು ಜೊತೆ ಕಾಲುಚೀಲ ಕಾರಿನಲ್ಲಿರಲಿ. ಹಗ್ಗ ಕಟ್ಟಿದ ಆಚೆ ನಿಲ್ಲಿ. ಮೊದಲು ಹೊಸಬರ ಬಣ್ಣದ ಬಾಣ ಯಾವುದು ಅಂತ ಕೇಳಿ, ಆ ದಾರಿಯನ್ನೇ ನೋಡಿ. ಚಾಂಪಿಯನ್‌ಗಳನ್ನು ಮಧ್ಯಾಹ್ನ ನೋಡಿದರಾಯಿತು. ಸುಮ್ಮನೆ ನಿಲ್ಲುವುದು ಬೇಸರ ಅನಿಸಿದರೆ ಅಬ್ಸರ್ವರ್ ಪಕ್ಕ ಹೋಗಿ "ಸಹಾಯ ಬೇಕಾ" ಅಂತ ಕೇಳಿ ನೋಡಿ. ಎರಡು ನಿಮಿಷದಲ್ಲಿ ಪಂಚ್ ನಿಮ್ಮ ಕೈಲಿರುತ್ತದೆ, ಅವರು ಚಹಾ ಕುಡಿಯಲು ಹೋಗಿರುತ್ತಾರೆ.